ಏಕಾದಶಿಗೆ ಟಾರ್ಪೆಡೊ ಇಲ್ಲ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬನ್ನಂಜೆಯಿಂದ ಮಣಿಪಾಲದವರೆಗೆ ಎಲ್ಲರಿಗೂ ಗೊತ್ತು. ನನ್ನ ಗಂಡ ಅನಂತೇಶ ಅದನ್ನು ಮದುವೆಯಾದ ವಾರದಲ್ಲೇ ಕಂಡುಕೊಂಡು ಅಂದಿನಿಂದ ಜಾಣರಾಗಿ ಬದುಕುತ್ತಿದ್ದಾರೆ. ಆದರೆ ಕಳೆದ ತಿಂಗಳು ನನ್ನ ಅಣ್ಣ ಹಯಗ್ರೀವನ ಮೇಲೆ ಬಂದ ಸಿಟ್ಟೇ ಬೇರೆ. ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಇಷ್ಟು ವರ್ಷ ವಿಜ್ಞಾನ ಕಲಿಸಿದ ಮನುಷ್ಯ ಒಂದು ದಿನ ಫೋನ್ ಮಾಡಿ, ಸೋಮವಾರ ಹೋಗಿ ರಾಜೀನಾಮೆ ಕೊಟ್ಟು ಬರುತ್ತೇನೆ, ನೀನು ರಜೆ ಹಾಕಿ ಕಾರಿನಲ್ಲಿ ಕರೆದುಕೊಂಡು ಹೋಗು ಎಂದ. ಹಾಲಿನವನಿಗೆ ನಾಳೆ ಅರ್ಧ ಲೀಟರ್ ಸಾಕು ಎನ್ನುವಾಗ ಇರುವಂಥದ್ದೇ ಧ್ವನಿ. ನನಗೆ ಮೈಯೆಲ್ಲ ಉರಿದುಹೋಯಿತು.

ಅಣ್ಣನಿಗೆ ಗ್ಲಾಕೋಮಾ. ಎಡಗಣ್ಣು ಯಾವಾಗ ಹೋಯಿತೆಂದು ಅವನಿಗೇ ತಿಳಿಯಲಿಲ್ಲ. ಬಲಗಣ್ಣಿನಲ್ಲಿ ನಡುವೆ ಗುಂಡಗೆ ಒಂದಿಷ್ಟು ಕಾಣುತ್ತದೆ, ಸುತ್ತಲೂ ಮಸುಕು. ದಿನಾ ಹನಿ ಹಾಕಿಕೊಂಡರೆ ಇದ್ದದ್ದು ಉಳಿಯುತ್ತದೆ, ಹೋದದ್ದು ಬರುವುದಿಲ್ಲ ಎಂದು ಮಣಿಪಾಲದ ಡಾಕ್ಟರು ಹೇಳಿದ್ದರು. ಅಷ್ಟನ್ನೂ ಅವನು ಸಹಿಸಿಕೊಂಡ. ಬೈಕು ಮಾರಿ ಬಸ್ಸಿಗೆ ಹೋಗತೊಡಗಿದ. ಪಾಠಪುಸ್ತಕವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಓದುತ್ತಿದ್ದ. ಅವನಿಗೆ ಸಹಿಸಲಾಗದೆ ಹೋದದ್ದು ಹೆಬ್ರಿ.

ಕಡಿಯಾಳಿಯಲ್ಲಿ ನಮ್ಮ ತವರುಮನೆಯ ಹತ್ತಿರದ ಸ್ಟಾಪಿನಲ್ಲಿ ಕಾರ್ಕಳದ ಬಸ್ಸೂ ನಿಲ್ಲುತ್ತದೆ, ಹೆಬ್ರಿಯ ಬಸ್ಸೂ ನಿಲ್ಲುತ್ತದೆ. ಹಿರಿಯಡ್ಕದವರೆಗೆ ಎರಡಕ್ಕೂ ಒಂದೇ ದಾರಿ. ಒಂದು ಬೆಳಿಗ್ಗೆ ಇವನು ಬೋರ್ಡ್ ಓದಲಾಗದೆ, ಯಾರನ್ನಾದರೂ ಕೇಳಲು ನಾಚಿಕೆಯಾಗಿ, ಹೊತ್ತಿಗೆ ಸರಿಯಾಗಿ ಬಂದ ಬಸ್ಸನ್ನು ಹತ್ತಿದ. ಕಾಲಿಡಲು ಜಾಗವಿಲ್ಲದ ರಶ್ಶು. ಕಂಡಕ್ಟರ್ ಹತ್ತಿರ ಬಂದು ಎಲ್ಲಿಗೆ ಎಂದು ಕೇಳುವಾಗ ಬಸ್ಸು ಹಿರಿಯಡ್ಕ ದಾಟಿ, ಹೆಬ್ರಿಗೆ ಹೋಗುವ ಪೆರ್ಡೂರಿನ ದಾರಿ ಹಿಡಿದಿತ್ತು. ಅವತ್ತು ವಿಜ್ಞಾನ ವಸ್ತುಪ್ರದರ್ಶನಕ್ಕೆ ಇವನು ಕರೆದುಕೊಂಡು ಹೋಗಬೇಕಿದ್ದ ಮಕ್ಕಳು ಮಾದರಿಗಳನ್ನು ಕೈಯಲ್ಲಿ ಹಿಡಿದು ಶಾಲೆಯ ಗೇಟಿನಲ್ಲಿ ಮಧ್ಯಾಹ್ನದವರೆಗೆ ನಿಂತಿದ್ದರಂತೆ. ಆ ದಿನದಿಂದ ಅವನು ಶಾಲೆಗೆ ಹೋಗಲಿಲ್ಲ. ರಜೆ ಹಾಕಿ, ಕಿಟಕಿಗೆ ಬೆನ್ನು ಮಾಡಿ ಕುಳಿತುಬಿಟ್ಟ.

ಅವನ ಹೆಡ್‌ಮಿಸ್ ಆನ್ಸಿಲ್ಲಾ ಮೇಡಂ ನನಗೆ ಎರಡು ಸಲ ಫೋನ್ ಮಾಡಿದರು. ಮಕ್ಕಳು ಕೇಳುತ್ತಾರೆ, ಸರ್ ಬರುವುದಾದರೆ ಬೋರ್ಡಿನಲ್ಲಿ ಬರೆಯಲು, ಪರೀಕ್ಷೆಯ ಪೇಪರ್ ಓದಿ ಹೇಳಲು ನಾವು ಜನ ಮಾಡುತ್ತೇವೆ, ಆದರೆ ಅವರು ಬರಬೇಕಲ್ಲ ಎಂದರು. ಒಳ್ಳೆಯ ಹೆಂಗಸು. ನಾನು ಹೋಗಿ ಅಣ್ಣನಿಗೆ ಬೈದೆ. ಅಮ್ಮನ ಎದುರು ಬೈದೆ, ಅಮ್ಮ ಇಲ್ಲದಾಗಲೂ ಬೈದೆ. ಮದುವೆಯೂ ಆಗಲಿಲ್ಲ ಮಾರಾಯ, ಈಗ ಶಾಲೆಯನ್ನೂ ಬಿಟ್ಟರೆ ಇಡೀ ದಿನ ಎಂತ ಮಾಡುತ್ತಿ ಎಂದು ಕೇಳಿದೆ. ಅವನು ಸುಮ್ಮನೆ ಹೂಂ ಹೂಂ ಎನ್ನುತ್ತಿದ್ದ. ಅವನಿಗೆ ಜಗಳವಾಡಲೂ ಮನಸ್ಸಿಲ್ಲ ಎಂದು ಗೊತ್ತಾದಾಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಹಾಗೆ ಬೈದು ಸೋತು ಹೊರಡುವ ಹೊತ್ತಿಗೆ ಅಮ್ಮ ಅಟ್ಟದಿಂದ ಇಳಿಸಿದ ಒಂದು ಚೀಲವನ್ನು ಕೊಟ್ಟು, ಇದನ್ನು ಗುಜರಿಗೆ ಹಾಕು ಎಂದರು. ನನ್ನ ಅಮ್ಮ ಮನೋರಮಾ ಯಾವುದನ್ನೂ ಬಿಸಾಡುವ ಜನ ಅಲ್ಲ. ಚೀಲದಲ್ಲಿ ಹಳೆಯ ವಯರುಗಳು, ಒಂದು ಕೀಬೋರ್ಡು, ಟವೆಲಿನಲ್ಲಿ ಸುತ್ತಿದ ಒಂದು ಹಾರ್ಡ್‌ಡಿಸ್ಕು. ಅದು ಕೈಗೆ ಬಂದ ಕೂಡಲೇ ನನಗೆ ಮತ್ತೆ ಹನ್ನೆರಡು ವರ್ಷವಾಯಿತು.

ಆಗ ಅಪ್ಪ ಇದ್ದರು. ಜಾತಕ ಹಾಕಲು ಸುಲಭವಾಗುತ್ತದೆಂದು ಯಾರೋ ಹೇಳಿದ್ದನ್ನು ಕೇಳಿ, ಕೇರಿಗೇ ಮೊದಲನೆಯದಾಗಿ ಒಂದು ಕಂಪ್ಯೂಟರ್ ತಂದಿದ್ದರು. ಬೆಳಿಗ್ಗೆ ಅದರಲ್ಲಿ ಅಪ್ಪನ ಗ್ರಹಗಳು. ಸಂಜೆ ಅಪ್ಪ ಪೌರೋಹಿತ್ಯಕ್ಕೆ ಹೊರಟ ಮೇಲೆ ಅದರಲ್ಲಿ ನಮ್ಮ ಸಬ್‌ಮರೀನು. ಕಾಲೇಜಿಗೆ ಹೋಗುತ್ತಿದ್ದ ಅಣ್ಣನಿಗೆ ಅವನ ಗೆಳೆಯ ಕ್ಲಾಯ್ಡ್ ಕೊಟ್ಟ ಆಟದ ಸಿ.ಡಿ. ಅದು. ಯುದ್ಧ ಯಾವ ದೇಶಗಳದ್ದು ಎಂಬುದು ನಮಗೆ ಬೇಕಿರಲಿಲ್ಲ. ನಾವು ಹೊರಡುವ ಬಂದರು ಮಲ್ಪೆ, ಎದುರಿಗೆ ಬಂದ ಬೂದು ಬಣ್ಣದ ಹಡಗೆಲ್ಲ ವೈರಿ. ಅಣ್ಣ ನಮ್ಮ ಸಬ್‌ಮರೀನಿಗೆ ಬಂಗುಡೆ ಎಂದು ಹೆಸರಿಟ್ಟಿದ್ದ. ಬ್ರಾಹ್ಮಣರ ಮನೆಯಲ್ಲಿ ಮೀನಿನ ಹೆಸರು ಕೂಗಿ ಕೂಗಿ ಆಡುವುದು ಕೇಳಿ ಅಮ್ಮನಿಗೆ ತಲೆ ಬಿಸಿಯಾಯಿತು. ಕೊನೆಗೆ ಅಮ್ಮನೇ ರಾಜಿ ಮಾಡಿದರು: ಮತ್ಸ್ಯ ಎಂದು ಇಡಿ, ಅವತಾರವಾದರೂ ಆಯಿತು.

ಕ್ಯಾಪ್ಟನ್ ಅಣ್ಣ. ಪೆರಿಸ್ಕೋಪ್ ಅವನದ್ದು, ಟಾರ್ಪೆಡೊ ಅವನದ್ದು, ಕುರ್ಚಿಯೂ ಅವನದ್ದು. ನನ್ನದು ಸ್ಟೂಲು ಮತ್ತು ಹೆಡ್‌ಫೋನು. ನೀರಿನೊಳಗೆ ಹೋದ ಮೇಲೆ ಏನೂ ಕಾಣುವುದಿಲ್ಲ, ಮೇಲಿನ ಹಡಗುಗಳ ಸದ್ದು ಮಾತ್ರ ಕೇಳುತ್ತದೆ. ಬಾಣದ ಗುರುತಿನ ಕೀ ಒತ್ತಿ ಕಿವಿಯನ್ನು ದಿಕ್ಕು ದಿಕ್ಕಿಗೆ ತಿರುಗಿಸಬೇಕು, ಸದ್ದು ಎಲ್ಲಿ ಹೆಚ್ಚು ಎಂದು ಹುಡುಕಬೇಕು. ಸರಕಿನ ಹಡಗು, ದೊಡ್ಡ ಹಡಗುಗಳದ್ದು ಅಮ್ಮನ ಗ್ರೈಂಡರಿನ ಹಾಗೆ ನಿಧಾನದ ಗುಡು ಗುಡು. ನಮ್ಮನ್ನು ಹುಡುಕಿ ಕೊಲ್ಲಲು ಬರುವ ಡೆಸ್ಟ್ರಾಯರಿನದ್ದು ಮಿಕ್ಸಿಯ ಹಾಗೆ ಗಿರ್ರೆನ್ನುವ ಅವಸರ. ಅಡುಗೆಮನೆಯಲ್ಲಿ ಅಮ್ಮ ನಿಜವಾಗಿ ಮಿಕ್ಸಿ ಹಾಕಿದಾಗ ನಾನು ಡೆಸ್ಟ್ರಾಯರ್ ಬಂತೆಂದು ಕೂಗಿ, ಸಬ್‌ಮರೀನು ಸಮುದ್ರದ ತಳ ಮುಟ್ಟಿದ್ದೂ ಉಂಟು.

ನಾನು ಎಷ್ಟು ಸರಿಯಾಗಿ ಕೇಳಿ ಹೇಳಿದರೂ ಅಣ್ಣನಿಗೆ ನಂಬಿಕೆ ಇಲ್ಲ. ಒಮ್ಮೆ ನೋಡ್ತೇನೆ ಎನ್ನುವನು. ನೋಡಬೇಡ ಅಣ್ಣ, ಕೇಳು ಎಂದು ನಾನು ಅಂಗಿ ಹಿಡಿದು ಎಳೆಯುತ್ತಿದ್ದೆ. ಅವನು ಪೆರಿಸ್ಕೋಪ್ ಎತ್ತುವುದು, ವೈರಿ ಅದನ್ನು ಕಾಣುವುದು, ನಮ್ಮ ತಲೆಯ ಮೇಲೆ ಬಾಂಬು ಬೀಳುವುದು. ಎಷ್ಟು ಸಲ ಸತ್ತೆವೋ ಲೆಕ್ಕವಿಲ್ಲ. ಸತ್ತ ಮರುದಿನ ನನ್ನನ್ನು ಸಮಾಧಾನ ಮಾಡಲು ಕಾಪುವಿಗೆ ಕರೆದುಕೊಂಡು ಹೋಗುತ್ತಿದ್ದ. ಲೈಟ್‌ಹೌಸಿನ ಮೆಟ್ಟಿಲು ಹತ್ತಿಸಿ, ಮೇಲೆ ನಿಲ್ಲಿಸಿ, ದೂರದಲ್ಲಿ ಪಣಂಬೂರು ಬಂದರಿಗೆ ಹೋಗುವ ಹಡಗುಗಳನ್ನು ತೋರಿಸಿ ದಿಕ್ಕು, ದೂರ, ವೇಗ ಕೇಳುತ್ತಿದ್ದ. ಸರಿ ಹೇಳಿದರೆ ಕಡಲೆಯ ಪೊಟ್ಟಣ. ನನ್ನ ಜೀವನದಲ್ಲಿ ಅಂಥ ಸಂಜೆಗಳು ಮತ್ತೆ ಬರಲಿಲ್ಲ. ಹೇಳಲು ನನಗೆ ನಾಚಿಕೆ ಇಲ್ಲ.

ಆಟಕ್ಕೆ ಅಮ್ಮನ ಒಂದು ಕಾನೂನು ಇತ್ತು. ಏಕಾದಶಿಯ ದಿನ ಹಡಗು ಮುಳುಗಿಸಬಾರದು. ಇದು ಬರೀ ಆಟ ಅಮ್ಮ, ಯಾರೂ ಸಾಯುವುದಿಲ್ಲ ಎಂದು ಅಣ್ಣ ವಾದಿಸಿದ. ಮನಸ್ಸು ಹೊಡೆಯುತ್ತದಲ್ಲ, ಅದಕ್ಕೆ ಉಪವಾಸ ಬೇಡವೇ ಎಂದರು ಅಮ್ಮ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ನಮ್ಮ ಮತ್ಸ್ಯ ಟಾರ್ಪೆಡೊ ಮುಟ್ಟದೆ ತಿರುಗುತ್ತಿತ್ತು. ಪ್ರಪಂಚದಲ್ಲಿ ಏಕಾದಶಿ ಮಾಡುತ್ತಿದ್ದ ಸಬ್‌ಮರೀನು ಬಹುಶಃ ಅದೊಂದೇ. ಅವತ್ತು ಮನೆಯಲ್ಲಿ ಗ್ರೈಂಡರೂ ಇಲ್ಲ, ಮಿಕ್ಸಿಯೂ ಇಲ್ಲ, ಒಲೆಯೇ ಹಚ್ಚುವುದಿಲ್ಲ. ಆ ನಿಶ್ಶಬ್ದದಲ್ಲಿ ಸಮುದ್ರ ಬಹಳ ಚೆನ್ನಾಗಿ ಕೇಳುತ್ತಿತ್ತು.

ಹಾಗೆ ಒಂದು ಏಕಾದಶಿಯ ಸಂಜೆ, ತಿಂಗಳುಗಟ್ಟಲೆ ಹುಡುಕಿದ ಆ ದೊಡ್ಡ ಯುದ್ಧನೌಕೆ ಎದುರಿಗೇ ಬಂತು. ಎರಡು ಡೆಸ್ಟ್ರಾಯರು ಕಾವಲಿಗೆ. ಅಣ್ಣನ ಬೆರಳು ಟಾರ್ಪೆಡೊದ ಕೀಯ ಮೇಲಿತ್ತು. ಬಾಗಿಲಲ್ಲಿ ಅಮ್ಮ ಜಪಮಾಲೆ ಹಿಡಿದು ನಿಂತಿದ್ದರು. ಅಣ್ಣ ಹಲ್ಲು ಕಚ್ಚಿಕೊಂಡು ಆಟವನ್ನು ಅಲ್ಲಿಗೇ ಉಳಿಸಿ, ದ್ವಾದಶಿ ಎಂದು ಹೆಸರು ಕೊಟ್ಟು ಮುಚ್ಚಿದ. ಬೆಳಿಗ್ಗೆ ಪಾರಣೆಯ ಊಟ ಆದ ಕೂಡಲೇ ಮುಳುಗಿಸುವುದೆಂದು ತೀರ್ಮಾನ. ಆ ಸಂಜೆಯೇ ಗುಡುಗು ಬಂದು, ಟೆಲಿಫೋನ್ ವಯರಿನಲ್ಲಿ ಸಿಡಿಲು ಇಳಿದು ಕಂಪ್ಯೂಟರ್ ಸುಟ್ಟುಹೋಯಿತು. ಆಮೇಲೆ ಅಣ್ಣನಿಗೆ ಓದು, ಕೆಲಸ. ನನಗೆ ಮದುವೆ. ಅಪ್ಪ ಹೋದರು. ಆ ಹಡಗು ಮಾತ್ರ ನಮಗೆ ಸಿಗಲಿಲ್ಲ.

ನಾನು ಆ ಹಾರ್ಡ್‌ಡಿಸ್ಕನ್ನು ಗುಜರಿಗೆ ಹಾಕಲಿಲ್ಲ. ಬನ್ನಂಜೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಧನರಾಜನ ಮುಂದೆ ಇಟ್ಟು, ಇದರಲ್ಲಿರುವ ಆಟ ಓಡಬೇಕು ಎಂದೆ. ಸುಟ್ಟದ್ದು ಮದರ್‌ಬೋರ್ಡು ಮಾತ್ರ ಇರಬೇಕು ಅಕ್ಕ, ಡಿಸ್ಕ್ ತಿರುಗುತ್ತಾ ಉಂಟು ಎಂದು ಅವನು ಎಲ್ಲವನ್ನೂ ನನ್ನ ಲ್ಯಾಪ್‌ಟಾಪಿಗೆ ಇಳಿಸಿ, ಹಳೆಯ ಆಟ ಓಡಿಸುವ ಯಾವುದೋ ಸಾಫ್ಟ್‌ವೇರನ್ನೂ ಹಾಕಿಕೊಟ್ಟ. ಭಾನುವಾರ ಮಧ್ಯಾಹ್ನ ನಾನು ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ತಿಂದು, ಲ್ಯಾಪ್‌ಟಾಪು ಹೆಡ್‌ಫೋನು ಹಿಡಿದು ಕಡಿಯಾಳಿಗೆ ಹೋದೆ. ಮರುದಿನ ಸೋಮವಾರ, ರಾಜೀನಾಮೆಯ ದಿನ. ಈ ಆಟದಿಂದ ಏನಾಗುತ್ತದೆಂದು ನಾನು ಲೆಕ್ಕ ಹಾಕಿರಲಿಲ್ಲ. ಬೈಗುಳ ಖರ್ಚಾಗಿತ್ತು, ಇದೊಂದು ಉಳಿದಿತ್ತು, ಅಷ್ಟೆ.

ಅಣ್ಣ ಕಿಟಕಿಗೆ ಬೆನ್ನು ಮಾಡಿ, ನಮ್ಮ ಆಟದ ಅದೇ ಹಳೆಯ ಕುರ್ಚಿಯಲ್ಲಿ ಕುಳಿತಿದ್ದ. ವಿಷಯ ಕೇಳಿ ಒಂದು ಗಳಿಗೆ ಮುಖ ಅರಳಿತು, ಆಮೇಲೆ ಮೊದಲಿನಂತೆಯೇ ಆಯಿತು. ನನಗೆ ಪೆರಿಸ್ಕೋಪ್ ಕಾಣುವುದಿಲ್ಲ, ನೀನು ಆಡು ಎಂದ.

"ನಿನ್ನ ಕಣ್ಣು ಯಾರು ಕೇಳಿದ್ದು?" ಎಂದೆ. "ಇವತ್ತು ಕುರ್ಚಿ ನನಗೆ. ನೀನು ಸ್ಟೂಲಿಗೆ ಹೋಗು."

ಅವನು ಬೇಡ ಎನ್ನುವ ಮೊದಲೇ ಹೆಡ್‌ಫೋನನ್ನು ಅವನ ಕಿವಿಗೆ ಹಾಕಿ, ಕೀಬೋರ್ಡಿನ ಬಾಣದ ಕೀಗಳ ಮೇಲೆ ಅವನ ಬೆರಳಿಟ್ಟು, ದ್ವಾದಶಿ ಎಂಬ ಆ ಹೆಸರನ್ನು ಒತ್ತಿದೆ. ಬೂದು ಸಮುದ್ರ ತೆರೆದುಕೊಂಡಿತು. ಪೆರಿಸ್ಕೋಪಿನ ಗುಂಡು ಕನ್ನಡಿಯ ನಡುವೆ ಆ ದೊಡ್ಡ ಹಡಗು, ಬಿಟ್ಟಲ್ಲಿಯೇ ಇತ್ತು. ಇಷ್ಟು ವರ್ಷ ಕ್ಯಾಪ್ಟನ್ ಆಗಬೇಕೆಂದು ಹೊಟ್ಟೆ ಉರಿಸಿಕೊಂಡವಳು ನಾನು. ಟಾರ್ಪೆಡೊ ಬಿಡಲು ಕೈ ಹಾಕಿದೆ.

ಒಳಗಿನಿಂದ ಅಮ್ಮ, ಇವತ್ತು ಏಕಾದಶಿ, ನೆನಪುಂಟಲ್ಲ ಎಂದರು. ಉಂಟು ಎಂದು ಸುಳ್ಳು ಹೇಳಿದೆ. ಹೊಟ್ಟೆಯಲ್ಲಿ ಮಸಾಲೆ ದೋಸೆ ಇತ್ತು. ಅಣ್ಣ ಮಾತ್ರ ತಟ್ಟನೆ ನನ್ನ ಕೈ ಹಿಡಿದ. ಟಾರ್ಪೆಡೊ ಇಲ್ಲ ಎಂದ. ಹಾಗಾದರೆ ಇದನ್ನು ಮುಚ್ಚಿ ಏಳುವಾ ಎಂದೆ.

"ಮುಚ್ಚುವುದು ಬೇಡ," ಎಂದ. "ಆವತ್ತು ಮುಚ್ಚಿ ಎಂತ ಆಯ್ತು ಅಂತ ಗೊತ್ತುಂಟಲ್ವಾ? ಹೊಡೆಯುವುದು ಬೇಡ. ಬದುಕಿ ಉಳಿಯುವಾ."

ಬಹಳ ದಿನಗಳ ಮೇಲೆ ಅವನ ಬಾಯಿಂದ ಪೂರ್ತಿ ವಾಕ್ಯಗಳು ಬಂದಿದ್ದವು. ನಾನು ಪೆರಿಸ್ಕೋಪ್ ಇಳಿಸಿ ಸಬ್‌ಮರೀನನ್ನು ಆಳಕ್ಕೆ ಬಿಟ್ಟೆ. ಅಷ್ಟರಲ್ಲಿ ಡೆಸ್ಟ್ರಾಯರುಗಳು ನಮ್ಮನ್ನು ಕಂಡಾಗಿತ್ತು. ಅಣ್ಣ ಕಣ್ಣು ಮುಚ್ಚಿಕೊಂಡ. ಮೊದಲು ಅವನಿಗೆ ತಲೆಬುಡ ತಿಳಿಯಲಿಲ್ಲ. ಎಲ್ಲ ಕಡೆಯೂ ಸದ್ದು ಎಂದ. ಒಂದೊಂದೇ ದಿಕ್ಕಿಗೆ ತಿರುಗಿಸು, ಗ್ರೈಂಡರನ್ನು ಬಿಡು, ಮಿಕ್ಸಿಯನ್ನು ಹುಡುಕು ಎಂದು ನಾನು ಹೇಳಿಕೊಟ್ಟೆ. ಅವನಿಗೆ ನಾನು ಹೇಳಿಕೊಟ್ಟದ್ದು ಹುಟ್ಟಿದ ಮೇಲೆ ಅದೇ ಮೊದಲು. ಅವನು ಬೆರಳಿನಿಂದ ಕೀ ಒತ್ತುತ್ತ ಹೋದ. ಬಲಕ್ಕೆ ಒಂದು, ಹಿಂದೆ ಒಂದು ಎಂದ. ಬಲದ್ದು ಹತ್ತಿರವಾಗುತ್ತಿದೆ ಎಂದ. ನಾನು ಸಬ್‌ಮರೀನನ್ನು ಎಡಕ್ಕೆ ತಿರುಗಿಸಿದೆ. ಬಾಂಬುಗಳು ನಮ್ಮಿಂದ ದೂರದಲ್ಲಿ ಬಿದ್ದು ಪರದೆ ನಡುಗಿತು.

ಹಾಗೆ ಎಷ್ಟೋ ಹೊತ್ತು ಅವನು ಹೇಳಿದ ಕಡೆಗೆ ನಾನು ತಿರುಗಿಸಿದೆ. ಎಂಜಿನು ನಿಧಾನ ಮಾಡು ಎಂದರೆ ಮಾಡಿದೆ. ಒಂದು ಡೆಸ್ಟ್ರಾಯರು ದೂರ ಹೋಯಿತು ಎಂದ. ಆಮೇಲೆ ಅವನ ಬೆರಳು ಕೀಗಳ ಮೇಲೆ ಅತ್ತಿತ್ತ ಓಡತೊಡಗಿತು. ಎಂತ ಆಯಿತು ಎಂದು ಕೇಳಿದರೆ, ಇನ್ನೊಂದು ಕೇಳುವುದೇ ಇಲ್ಲ ಎಂದ. ಅದೂ ಹೋಗಿರಬೇಕು ಎಂದುಕೊಂಡೆ, ತಾಳ್ಮೆ ತಪ್ಪಿತು. ಪೆರಿಸ್ಕೋಪಿನ ಕೀಗೆ ಕೈ ಹೋಯಿತು.

"ಒಮ್ಮೆ ನೋಡ್ತೇನೆ," ಎಂದೆ.

"ನೋಡಬೇಡ," ಎಂದ ಅಣ್ಣ. "ಅದು ಹೋಗ್ಲಿಲ್ಲ. ಎಂಜಿನು ನಿಲ್ಲಿಸಿ ನಮ್ಮನ್ನೇ ಕೇಳ್ತಾ ಉಂಟು. ಹೋದದ್ದಾದರೆ ಸದ್ದು ಸಣ್ಣದಾಗ್ತಾ ಆಗ್ತಾ ಹೋಗ್ತಿತ್ತು. ಇದು ಒಮ್ಮೆಲೇ ನಿಂತದ್ದು."

ನಾನು ಕೈ ತೆಗೆದೆ. ಎಂಜಿನನ್ನೂ ನಿಲ್ಲಿಸಿದೆ. ಮನೆಯಲ್ಲಿ ಒಲೆ ಇಲ್ಲ, ಪಾತ್ರೆಯ ಸದ್ದಿಲ್ಲ. ನಮಗೆ ನೀರು ಕೊಡಲು ಬಂದ ಅಮ್ಮ ಸ್ಟೀಲಿನ ಚೊಂಬನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲೇ ನಿಂತುಬಿಟ್ಟರು. ಇದೊಂದು ಹಳೆಯ ಆಟ ಎಂದು ಆ ಹೊತ್ತಿನಲ್ಲಿ ನನಗೆ ಅನ್ನಿಸಲಿಲ್ಲ. ಇವನು ಈಗ ತಪ್ಪಿದರೆ ಮತ್ತೆ ಆ ಕಿಟಕಿಗೆ ಬೆನ್ನು ಮಾಡಿ ಕುಳಿತುಬಿಡುತ್ತಾನೆ, ಮತ್ತೆ ಏಳುವುದಿಲ್ಲ ಎಂದು ಗೊತ್ತಿತ್ತು. ದೇವರೇ, ಇದೊಂದನ್ನು ಸರಿ ಮಾಡು ಎಂದು ಕೇಳಿಕೊಂಡೆ.

ನಮ್ಮ ನೇರ ಮೇಲಿನಿಂದಲೇ ಆ ಎಂಜಿನು ಗಿರ್ರೆಂದು ಶುರುವಾಯಿತು. ಹೆಡ್‌ಫೋನಿನ ಹೊರಗೂ ನನಗೆ ಕೇಳಿಸಿತು. ಪೆರಿಸ್ಕೋಪ್ ಎತ್ತಿದ್ದರೆ ಕಥೆ ಮುಗಿಯುತ್ತಿತ್ತು. ಅದು ಸ್ವಲ್ಪ ಹೊತ್ತು ಅಲ್ಲಿಯೇ ಸುತ್ತಿ, ಆಮೇಲೆ ಸಣ್ಣದಾಗುತ್ತ, ಸಣ್ಣದಾಗುತ್ತ ಹೋಯಿತು. ಅಣ್ಣ ಅದನ್ನು ಕೊನೆಯವರೆಗೂ ಬಿಡಲಿಲ್ಲ, ಬೆರಳಿನಿಂದ ಹಿಂಬಾಲಿಸುತ್ತಲೇ ಇದ್ದ.

"ಹೋಯ್ತಾ?" ಎಂದು ಅಮ್ಮ ಪಿಸುಗುಟ್ಟಿದರು.

"ಹೋಯ್ತು ಅಮ್ಮ," ಎಂದ ಅಣ್ಣ. ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡು ನಕ್ಕ. ಎಷ್ಟು ದಿನವಾಗಿತ್ತು ಅವನು ನಗದೆ. ನಾನು ಅತ್ತುಬಿಟ್ಟೆ. ಮುಖ ತೊಳೆಯುತ್ತೇನೆಂದು ಹೇಳಿ ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತೆ. ಸಿಟ್ಟಿನವಳಿಗೆ ಅಳಲೂ ಒಂದು ಮರೆ ಬೇಕಾಗುತ್ತದೆ.

ಬಂದು ನೋಡಿದರೆ ಅಣ್ಣ ಇನ್ನೂ ಸ್ಟೂಲಿನಲ್ಲೇ ಇದ್ದ. ಹೆಬ್ರಿಯ ವಿಷಯವನ್ನು ತಾನಾಗಿಯೇ ತೆಗೆದ. ಅವತ್ತು ಕಂಡಕ್ಟರ್ ಖಂಡಿತ ಹೆಬ್ರಿ ಹೆಬ್ರಿ ಎಂದು ಕೂಗಿರುತ್ತಾನೆ, ಅವರು ಕೂಗದೆ ಇರುವುದುಂಟಾ, ನಾನು ಕಣ್ಣು ಕಿರಿದು ಮಾಡಿ ಬೋರ್ಡನ್ನೇ ನೋಡುತ್ತಿದ್ದೆ, ಕೇಳಲೇ ಇಲ್ಲ ಎಂದ. ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡದೆ ಇರುವುದು ನನಗೆ ಎಷ್ಟು ಕಷ್ಟ ಎಂದು ನನ್ನ ಗಂಡನನ್ನು ಕೇಳಿ.

"ನಾಳೆ ಕಾರು ತರಬೇಡ," ಎಂದ ಕೊನೆಗೆ. "ಪಾರಣೆಗೆ ಬಾ. ಆಮೇಲೆ ನಾನು ಬಸ್ಸಿಗೆ ಹೋಗ್ತೇನೆ."

ರಾಜೀನಾಮೆ ಕೊಡಲು ಹೋಗುವುದೋ ಪಾಠ ಮಾಡಲು ಹೋಗುವುದೋ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಹೊರಡುವುದನ್ನೇ ಬಿಟ್ಟುಬಿಡುತ್ತಾನೋ ಎಂಬ ಭಯ.

ದ್ವಾದಶಿಯ ಬೆಳಿಗ್ಗೆ ಅಮ್ಮ ಬೇಗನೆ ಅನ್ನ, ಹೆಸರುಬೇಳೆಯ ತೊವ್ವೆ ಮಾಡಿ ಬಡಿಸಿದರು. ಉಪವಾಸ ಮಾಡಿದವಳ ಹಾಗೆ ನಾನೂ ಕುಳಿತು ಉಂಡೆ. ಹಡಗು ಮುಳುಗಿಸುವುದಿಲ್ಲವೇ ಎಂದು ಕೇಳಿದೆ. ಈಗ ಹೊತ್ತಿಲ್ಲ ಎಂದು ಅಣ್ಣ ಚೀಲ ಹೆಗಲಿಗೇರಿಸಿದ. ನಾನು ಸ್ಟಾಪಿನವರೆಗೆ ಜೊತೆಗೆ ಹೋದೆ. ದೂರ ನಿಲ್ಲು, ಏನೂ ಹೇಳಬೇಡ ಎಂದು ಎಚ್ಚರಿಸಿದ. ನಾನು ಹಣ್ಣಿನ ಅಂಗಡಿಯ ಪಕ್ಕ ನಿಂತೆ.

ಮೊದಲು ಬಂದದ್ದು ಹೆಬ್ರಿಯ ಬಸ್ಸು. ಹಳದಿ ಬೋರ್ಡಿನಲ್ಲಿ ಇಷ್ಟು ದಪ್ಪ ಅಕ್ಷರ. ಅದು ಸರಿಯಾಗಿ ಅವನ ಮುಂದೆ ಬಂದು ನಿಂತಿತು, ಜನ ನುಗ್ಗಿದರು. ಅಣ್ಣ ಬೋರ್ಡಿನ ಕಡೆಗೆ ಮುಖ ಎತ್ತಿದ. ಹೆಬ್ರಿ ಅಣ್ಣ, ಹತ್ತಬೇಡ ಎಂದು ಕೂಗಬೇಕೆಂದಿತು ನಾಲಗೆ. ಅದನ್ನು ಹಲ್ಲಿನಲ್ಲಿ ಹಿಡಿದುಕೊಂಡೆ. ಅಣ್ಣ ತಲೆ ತಗ್ಗಿಸಿ, ಕಿವಿಯನ್ನು ಬಾಗಿಲಿನ ಕಡೆಗೆ ಮಾಡಿ ನಿಂತ. ಕಂಡಕ್ಟರ್ ಕೂಗಿದ. ಅಣ್ಣ ಒಂದು ಹೆಜ್ಜೆ ಹಿಂದೆ ಸರಿದು ಆ ಬಸ್ಸನ್ನು ಬಿಟ್ಟ. ಅದರ ಹಿಂದೆಯೇ ಇನ್ನೊಂದು ಬಂತು. ಕಾರ್ಲ ಕಾರ್ಲ ಕಾರ್ಲ ಎಂದು ಅದರ ಕಂಡಕ್ಟರ್ ಕಾರ್ಕಳವನ್ನು ನಮ್ಮ ತುಳುವಿನ ಹೆಸರಿನಲ್ಲಿ ಕೂಗುತ್ತಿದ್ದ. ಅಣ್ಣ ಕೈ ಎತ್ತಿದ, ಕಂಬಿ ಹುಡುಕಿ ಹಿಡಿದ, ಹತ್ತಿದ. ನನ್ನ ಕಡೆಗೆ ತಿರುಗಲಿಲ್ಲ. ತಿರುಗಿದ್ದರೂ ಅಷ್ಟು ದೂರ ಅವನಿಗೆ ಕಾಣುತ್ತಿರಲಿಲ್ಲ.

ಆಫೀಸಿನಲ್ಲಿ ನನಗೆ ಕೆಲಸ ಸಾಗಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕುಳಿತೆ. ಶಾಲೆಯ ಮೊದಲ ಗಂಟೆ ಹೊಡೆಯುವ ಹೊತ್ತಿಗೆ ಅದು ರಿಂಗಾಯಿತು. ಅಣ್ಣನ ಹಿಂದೆ ಮಕ್ಕಳ ಗದ್ದಲ ಜೋರಾಗಿ ಕೇಳುತ್ತಿತ್ತು.

"ಮುಟ್ಟಿದೆ," ಎಂದ. "ಕಾರ್ಕಳಕ್ಕೇ. ಈಗ ಎಂಟನೆಯವರ ಕ್ಲಾಸಿಗೆ ಹೋಗ್ತಾ ಇದ್ದೇನೆ, ಹೆಚ್ಚು ಮಾತಾಡ್ಲಿಕ್ಕಿಲ್ಲ. ಸಂಜೆ ಬಾ ಮಾರಾಯ್ತಿ, ಆ ಹಡಗು ಬಾಕಿ ಉಂಟಲ್ಲ."